'ಹೊಸದು ತಗೊಂಡ್ಬಿಡಿ' ಅನ್ನೋದು ರಿಪೇರಿ ಅಲ್ಲ

ನಮ್ಮ ಐಟಿ ಮಂದಿಯ ಬಾಯಲ್ಲಿ ಒಂದು ಮಾತು ಯಾವಾಗಲೂ ರೆಡಿ ಇರತ್ತೆ. ಊರಲ್ಲಿರೋ ಅಪ್ಪನೋ, ಚಿಕ್ಕಮ್ಮನೋ, ರಿಟೈರ್ ಆದ ಮೇಷ್ಟ್ರೋ ಫೋನ್ ಮಾಡಿ ಕಂಪ್ಯೂಟರಿನ ಕಷ್ಟ ಹೇಳಿಕೊಂಡ್ರೆ ಸಾಕು, ಪೂರ್ತಿ ಕೇಳಿಸಿಕೊಳ್ಳೋದಕ್ಕೆ ಮುಂಚೆಯೇ ಆ ಮಾತು ಹೊರಗೆ ಬಂದಿರತ್ತೆ: "ಅದು ತುಂಬ ಹಳೇದಾಯ್ತು, ಹೊಸದು ತಗೊಂಡ್ಬಿಡಿ." ಹೇಳುವವರ ಪ್ರಕಾರ ಇದು ಸಲಹೆ. ನನ್ನ ಪ್ರಕಾರ ಇದು ಶುದ್ಧ ಸೋಮಾರಿತನ. ದಿನಕ್ಕೆ ಹತ್ತು ಗಂಟೆ ಆಫೀಸಿನಲ್ಲಿ ಬೇರೆಯವರ ಬಗ್ ಹುಡುಕಿ ಸಂಬಳ ತಗೊಳ್ಳೋ ಜನ, ಮನೆಯವರ ಬಗ್ ಹುಡುಕೋದಕ್ಕೆ ಹತ್ತು ನಿಮಿಷ ಕೊಡಲ್ಲ ಅನ್ನೋದು ಇದರ ಅರ್ಥ.

"ಮೇಲ್‌ನಲ್ಲಿ ಬಂದಿರೋ ಲಿಂಕ್ ಒತ್ತಿದ್ರೆ ಏನೂ ಆಗ್ತಿಲ್ಲ ಕಣೋ." ಅಪ್ಪ ಇಷ್ಟು ಹೇಳಿದಾಗ ಅದರ ಹಿಂದೆ ಏನೇನೋ ಇರಬಹುದು. ಜ್ವರ ಅಂತ ಬಂದವರಿಗೆ ಥರ್ಮಾಮೀಟರ್ ಕೂಡ ಇಡದೆ "ನಿಮಗೆ ವಯಸ್ಸಾಯ್ತು" ಅಂತ ಹೇಳಿ ಕಳಿಸೋ ಡಾಕ್ಟರನ್ನ ನಾವು ಏನಂತ ಬೈತೀವಿ? ಆ ಬೈಗುಳ ನಮಗೂ ಸಲ್ಲಬೇಕಲ್ವಾ?

ಒಂದು ಕೇಸ್ ತಗೊಳ್ಳಿ. 2011ರ ಸುಮಾರಿಗೆ ಕೊಂಡ, ವಿಂಡೋಸ್ 7 ಇರೋ ಡೆಸ್ಕ್‌ಟಾಪ್. ಎಷ್ಟೋ ಮನೆಗಳ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು ಇಂಥದ್ದೊಂದು ಇವತ್ತಿಗೂ ಕೂತಿದೆ. ಇದು ಕೊಡೋ ಕಾಟಗಳನ್ನ ಒಂದೊಂದಾಗಿ ನೋಡೋಣ.

ಮೊದಲನೇದು, ಯಾವ ಸೈಟ್ ತೆಗೆದರೂ "ಈ ಸಂಪರ್ಕ ಸುರಕ್ಷಿತವಲ್ಲ" ಅನ್ನೋ ಎಚ್ಚರಿಕೆ. ಸ್ಕ್ರೀನಿನ ಬಲಗಡೆ ಕೆಳಗಿನ ಮೂಲೆಯಲ್ಲಿ ತಾರೀಖು ಏನಿದೆ ನೋಡೋಕೆ ಹೇಳಿ. 2009 ಅಂತ ಇದ್ರೆ ಕೇಸ್ ಮುಗೀತು. ಪ್ರತಿ ಸೈಟಿನ ಸರ್ಟಿಫಿಕೇಟಿಗೂ ಶುರುವಾಗೋ ದಿನ, ಮುಗಿಯೋ ದಿನ ಅಂತ ಇರತ್ತೆ. ಬ್ರೌಸರ್ ಅದನ್ನ ಕಂಪ್ಯೂಟರಿನ ಗಡಿಯಾರದ ಜೊತೆ ಹೋಲಿಸಿ ನೋಡತ್ತೆ. ಗಡಿಯಾರ 2009ರಲ್ಲೇ ನಿಂತಿದ್ರೆ ಇವತ್ತಿನ ಸರ್ಟಿಫಿಕೇಟು ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಗಡಿಯಾರ ಹಿಂದೆ ಹೋಗೋದು ಯಾಕೆ? ಮದರ್‌ಬೋರ್ಡಿನ ಮೇಲಿರೋ ಸಿಆರ್ 2032 ಅನ್ನೋ ನಾಣ್ಯದ ಆಕಾರದ ಬ್ಯಾಟರಿ ಸತ್ತಿರತ್ತೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗತ್ತೆ, ಬೆಂಗಳೂರಿನ ಒಂದು ಮಸಾಲೆ ದೋಸೆಗಿಂತ ಅಗ್ಗ. ಇಷ್ಟಕ್ಕೆ ಹೊಸ ಕಂಪ್ಯೂಟರಾ?

ಎರಡನೇದು, ತಾರೀಖು ಸರಿಯಿದೆ, ಆದರೆ ಕೆಲವು ಸೈಟುಗಳು ಮಾತ್ರ ತೆರೆಯಲ್ಲ. ಇಲ್ಲಿ ಎರಡು ಅನುಮಾನ. ಒಂದು, ಸರ್ಟಿಫಿಕೇಟುಗಳ ಬೇರಿನದು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸರ್ಟಿಫಿಕೇಟುಗಳು ಆಸರೆ ಮಾಡಿಕೊಂಡಿದ್ದ ಹಳೇ ರೂಟ್ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗೀತು. ಅಪ್‌ಡೇಟ್ ನಿಂತುಹೋಗಿದ್ದ ಯಂತ್ರಗಳಿಗೆ ಹೊಸ ರೂಟ್ ತಲುಪಿರಲ್ಲ, ಹಾಗಾಗಿ ಅವು ಸಾಚಾ ಸೈಟನ್ನೂ ಕಳ್ಳನ ಥರ ನೋಡ್ತವೆ. ಇನ್ನೊಂದು, ಟಿಎಲ್‌ಎಸ್ ಅನ್ನೋ ಗುಪ್ತಭಾಷೆಯದು. ಅದರ 1.0 ಮತ್ತು 1.1 ಆವೃತ್ತಿಗಳನ್ನ ಬಹುಪಾಲು ಸರ್ವರುಗಳು ಈಗ ಒಪ್ಪಲ್ಲ. ವಿಂಡೋಸ್ 7ರ ಜೊತೆ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ 1.2 ಇತ್ತು, ಆದರೆ ಆಫ್ ಆಗಿತ್ತು! ಎರಡಕ್ಕೂ ಒಂದೇ ಮದ್ದು: ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿ. ಫೈರ್‌ಫಾಕ್ಸ್ ತನ್ನ ಸರ್ಟಿಫಿಕೇಟ್ ಪಟ್ಟಿಯನ್ನ, ತನ್ನ ಗುಪ್ತಭಾಷೆಯನ್ನ ತಾನೇ ಹೊತ್ತುಕೊಂಡು ಬರತ್ತೆ, ವಿಂಡೋಸ್ ಹತ್ರ ಕೈಚಾಚಲ್ಲ.

ಮೂರನೇದು ನನ್ನ ಫೇವರಿಟ್. ಔಟ್‌ಲುಕ್‌ನಲ್ಲಿ ಬಂದ ಲಿಂಕ್ ಒತ್ತಿದ್ರೆ, "ಈ ಕಂಪ್ಯೂಟರಿನ ಮೇಲಿರುವ ನಿರ್ಬಂಧಗಳಿಂದ ಇದನ್ನು ರದ್ದು ಮಾಡಲಾಗಿದೆ, ನಿಮ್ಮ ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ" ಅನ್ನೋ ಅರ್ಥದ ಇಂಗ್ಲಿಷ್ ಸಂದೇಶ. ಹಾಸನದ ಒಂದು ಮನೆಯಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಯಾರು ಸ್ವಾಮಿ? ಪೇಪರ್ ಹಾಕೋ ಹುಡುಗನಾ? ಓದಿದವರಿಗೆ ಪೊಲೀಸ್ ಕೇಸ್ ಆಯ್ತೇನೋ ಅನ್ನೋ ಗಾಬರಿ. ನಿಜಕ್ಕೂ ನಡೆದಿರೋದು ಹೆಚ್ಚಾಗಿ ಇಷ್ಟೇ: ಯಾರೋ ಕ್ರೋಮ್ ಹಾಕಿದ್ರು, ಆಮೇಲೆ ಯಾರೋ ತೆಗೆದ್ರು. ವೆಬ್ ಪುಟಗಳನ್ನ ಯಾರು ತೆರೆಯಬೇಕು ಅನ್ನೋ ರಿಜಿಸ್ಟ್ರಿ ನಮೂದಿನಲ್ಲಿ ಮಾತ್ರ ಕ್ರೋಮಿನ ಹೆಸರು ಹಾಗೇ ಉಳೀತು. ಬಾಡಿಗೆದಾರ ಮನೆ ಖಾಲಿ ಮಾಡಿದ್ದಾನೆ, ಬಾಗಿಲ ಮೇಲಿನ ಬೋರ್ಡ್ ಹಾಗೇ ಇದೆ. ಕ್ರೋಮ್ ಮತ್ತೆ ಹಾಕಿ, ಬೇರೆ ಬ್ರೌಸರನ್ನ ಡೀಫಾಲ್ಟ್ ಮಾಡಿ, ಆಮೇಲೆ ಬೇಕಿದ್ರೆ ಕ್ರೋಮ್ ತೆಗೀರಿ. ಸಾಮಾನ್ಯವಾಗಿ ಸರಿಹೋಗತ್ತೆ. ಹೋಗದಿದ್ರೆ ಆ ನಮೂದನ್ನೇ ತಿದ್ದಬೇಕು, ಅದಕ್ಕೇ ತಾನೆ ನೀವಿರೋದು.

ನಾಲ್ಕನೇದು ಇದರ ಉಲ್ಟಾ. ಯಾವುದೋ ಸೈಟಿನಲ್ಲಿ "ನಮಗೆ ಮೇಲ್ ಮಾಡಿ" ಅನ್ನೋದನ್ನ ಒತ್ತಿದ್ರೆ ಏನೂ ಆಗಲ್ಲ, ಇಲ್ಲಾಂದ್ರೆ ಹೆಸರೇ ಕೇಳದ ಪ್ರೋಗ್ರಾಂ ಬಂದು ಸರ್ವರ್ ವಿವರ ಕೇಳತ್ತೆ. ಈ ಲಿಂಕಿನ ಹೆಸರು ಮೇಲ್‌ಟು. ಕಂಪ್ಯೂಟರಿನಲ್ಲಿ ಒಂದು ಮೇಲ್ ಪ್ರೋಗ್ರಾಂ ಇದ್ದೇ ಇರತ್ತೆ ಅನ್ನೋ ಕಾಲದ್ದು ಅದು. ಎಕ್ಸ್‌ಪಿಯಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಇತ್ತು, ವಿಸ್ತಾದಲ್ಲಿ ವಿಂಡೋಸ್ ಮೇಲ್ ಇತ್ತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಮೇಲ್ ಪ್ರೋಗ್ರಾಮನ್ನೇ ಕೊಡಲಿಲ್ಲ. ಅಪ್ಪ ಜಿಮೇಲ್ ನೋಡೋದು ಬ್ರೌಸರಿನಲ್ಲಿ. ಅಂದ್ರೆ ಆ ಲಿಂಕ್ ಖಾಲಿ ಕುರ್ಚಿಗೆ ಕಾಗದ ಕೊಡ್ತಾ ಇದೆ. ಫೈರ್‌ಫಾಕ್ಸಿನ ಸೆಟ್ಟಿಂಗ್ಸಿಗೆ ಹೋಗಿ, ಅಪ್ಲಿಕೇಶನ್ಸ್ ಪಟ್ಟಿಯಲ್ಲಿ ಮೇಲ್‌ಟು ಹುಡುಕಿ, ಎದುರಿಗೆ ಜಿಮೇಲ್ ಅಂತ ಆರಿಸಿದ್ರೆ ಮುಗೀತು.

ಐದನೇದು, ಹಳೇ ಔಟ್‌ಲುಕ್ ಸರಿಯಾದ ಪಾಸ್‌ವರ್ಡನ್ನೂ "ತಪ್ಪು" ಅನ್ನತ್ತೆ. ಅಪ್ಪ ಪಾಸ್‌ವರ್ಡ್ ಮರೆತಿಲ್ಲ, ಮರೆವು ಅಂತ ಅವರನ್ನ ರೇಗಿಸಬೇಡಿ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬರೋ ಹಳೇ ಪದ್ಧತಿಯನ್ನ ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೊಂಡು ಔಟ್‌ಲುಕ್‌ಗೆ ಕೊಡಬೇಕು.

ಈ ಐದರಲ್ಲಿ ಕಂಪ್ಯೂಟರಿನ ಒಂದು ವಸ್ತು ಕೆಟ್ಟಿರೋದು ಮೊದಲನೇದರಲ್ಲಿ ಮಾತ್ರ. ಅದೂ ಒಂದು ಪುಟ್ಟ ಬ್ಯಾಟರಿ. ಮಿಕ್ಕ ನಾಲ್ಕರಲ್ಲಿ ಯಂತ್ರ ಗಟ್ಟಿಮುಟ್ಟಾಗಿದೆ, ಅದರ ಸುತ್ತಲಿನ ಜಗತ್ತು ಹೇಳದೆ ಕೇಳದೆ ಬದಲಾಗಿದೆ.

"ಸೆಕ್ಯೂರಿಟಿ ಕಥೆ ಏನು ಗುರು?" ಅಂತ ಈಗ ಯಾರಾದರೂ ಕೈ ಎತ್ತೇ ಎತ್ತುತ್ತಾರೆ. ಸರಿಯಾದ ಪ್ರಶ್ನೆ. ವಿಂಡೋಸ್ 7ರ ಉಚಿತ ಸೆಕ್ಯೂರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿದೆ. ಕ್ರೋಮ್ ಕೂಡ 109ನೇ ಆವೃತ್ತಿಗೆ ಅದರ ಕೈಬಿಟ್ಟಿದೆ. ಅದರಲ್ಲಿ ನೆಟ್‌ಬ್ಯಾಂಕಿಂಗ್ ಮಾಡಿ ಅಂತ ನಾನು ಹೇಳಲ್ಲ, ಮಾಡಬಾರದು. ಆದರೆ ಅಪಾಯ ಇರೋದು ಹಳೇ ವಿಂಡೋಸಿನಲ್ಲಿ, ಹಳೇ ಪೆಟ್ಟಿಗೆಯಲ್ಲಲ್ಲ. ಲಿನಕ್ಸ್ ಮಿಂಟನ್ನ ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಬಹುದು. ನಾಲ್ಕು ಜಿಬಿ ರ‍್ಯಾಮ್ ಇದ್ದು, ಹಳೇ ಹಾರ್ಡ್‌ಡಿಸ್ಕ್ ಬದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದ್ರೆ ಮೇಲ್ ನೋಡೋಕೆ, ಪೇಪರ್ ಓದೋಕೆ, ಕನ್ನಡ ಟೈಪ್ ಮಾಡೋಕೆ ಧಾರಾಳ ಸಾಕು. ಫೋಟೋಗಳನ್ನೆಲ್ಲ ಮೊದಲು ಬ್ಯಾಕಪ್ ಮಾಡಿಕೊಳ್ಳಿ. ಒಂದು ಭಾನುವಾರದ ಕೆಲಸ. ಮದರ್‌ಬೋರ್ಡೇ ಸುಟ್ಟಿದ್ರೆ, ರ‍್ಯಾಮ್ ಒಂದೇ ಜಿಬಿ ಇದ್ರೆ, ಹೊಸದು ತಗೊಳ್ಳಿ, ಯಾರು ಬೇಡ ಅಂದ್ರು? ಆದರೆ ನೋಡಿ ಆಮೇಲೆ ಹೇಳಿ.

ಇನ್ನು ಈ "ಹಳೇದು" ಅನ್ನೋ ಹಣೆಪಟ್ಟಿ ಹಚ್ಚೋರು ಯಾರು? ಹಗುರವಾಗಿದ್ದ ಜಿಮೇಲ್‌ನ ಬೇಸಿಕ್ ಎಚ್‌ಟಿಎಂಎಲ್ ನೋಟವನ್ನ ಗೂಗಲ್ 2024ರಲ್ಲಿ ತೆಗೆದುಹಾಕಿತು. ನಿಧಾನ ಕಂಪ್ಯೂಟರು, ನಿಧಾನ ಇಂಟರ್ನೆಟ್ ಇದ್ದವರಿಗೆ ಅದೇ ಆಸರೆಯಾಗಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದ್ರೆ 8ನೇ ತಲೆಮಾರಿನ ಪ್ರೊಸೆಸರಿನಿಂದ ಈಚೆಗಿನದೇ ಬೇಕು ಅಂತ ಮೈಕ್ರೋಸಾಫ್ಟ್ ಗೆರೆ ಎಳೀತು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಿಂದಿನ ರಾತ್ರಿ ಚೆನ್ನಾಗಿ ಓಡ್ತಿದ್ದ ಕಂಪ್ಯೂಟರು ಬೆಳಗಾಗೋದರೊಳಗೆ "ಹಳೇದು" ಆಗೋದು ಹೀಗೆ. ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. ವಿಂಡೋಸ್ 7ಕ್ಕಾಗಿ ಉಳಿಸಿಕೊಂಡ 115ನೇ ಆವೃತ್ತಿಯನ್ನ ನಿಲ್ಲಿಸೋ ದಿನವನ್ನ ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದೆ. ಮನಸ್ಸು ಮಾಡಿದ್ರೆ ಆಗತ್ತೆ ಅಂತಾಯ್ತು.

ದೊಡ್ಡ ಕಂಪನಿಗಳನ್ನ ಬೈದು ಸುಮ್ಮನಾಗೋದು ಸುಲಭ. ಆದರೆ ಆ ಭಾರದ ಪುಟಗಳನ್ನ, ಆ ಅರ್ಥವಾಗದ ಸಂದೇಶಗಳನ್ನ ಬರೆಯೋರು ಯಾರು? ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಕೂತು, ಹೊಸಾ ಲ್ಯಾಪ್‌ಟಾಪಿನಲ್ಲಿ, ಆಫೀಸಿನ ವೇಗದ ಇಂಟರ್ನೆಟ್‌ನಲ್ಲಿ ಟೆಸ್ಟ್ ಮಾಡಿ "ಎಲ್ಲಾ ಓಕೆ" ಅಂತ ಸಹಿ ಹಾಕೋರು ನಮ್ಮ ಕಸುಬಿನವರೇ. ಮೇಲ್‌ಟು ಲಿಂಕಿನ ಪಕ್ಕದಲ್ಲಿ ವಿಳಾಸವನ್ನ ಅಕ್ಷರದಲ್ಲೂ ಬರೆದರೆ ಕಾಪಿ ಮಾಡಿಕೊಳ್ಳಬಹುದು. ಅದಕ್ಕೆ ಒಂದು ಸಾಲು ಸಾಕು. ಆ ಒಂದು ಸಾಲನ್ನೂ ಬರೆಯದೆ, ಆಮೇಲೆ ಅಪ್ಪನಿಗೆ "ನಿಮ್ಮ ಕಂಪ್ಯೂಟರ್ ಸರಿ ಇಲ್ಲ" ಅಂತ ನಾವೇ ಹೇಳ್ತೀವಿ.

ಇದು ಬರೀ ದುಡ್ಡಿನ ಮಾತಲ್ಲ. "ಹೊಸದು ತಗೊಳ್ಳಿ" ಅಂತ ನಾಲ್ಕು ಸಲ ಕೇಳಿಸಿಕೊಂಡವರು ಐದನೇ ಸಲ ಫೋನ್ ಮಾಡಲ್ಲ. ಆದರೆ ಸಮಸ್ಯೆ ಬಂದೇ ಬರತ್ತೆ. ಸ್ಕ್ರೀನ್ ತುಂಬಾ ಕೆಂಪು ಎಚ್ಚರಿಕೆ ಬಂದು, "ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ" ಅನ್ನತ್ತೆ. ಆ ನಂಬರಿನವನು ಮಾತ್ರ ಅಪ್ಪನ ಮಾತನ್ನ ಪೂರ್ತಿ ಕೇಳಿಸಿಕೊಳ್ತಾನೆ. ಸಾರ್ ಅಂತಾನೆ, ಸಮಾಧಾನ ಹೇಳ್ತಾನೆ, ಅರ್ಧ ಗಂಟೆ ಲೈನಲ್ಲಿ ಇರ್ತಾನೆ. ದೂರದಿಂದ ಸ್ಕ್ರೀನ್ ನೋಡೋ ಆ್ಯಪ್ ಹಾಕಿಸ್ತಾನೆ. ಇಂಥ ಆ್ಯಪ್ ಬಳಸಿ ಖಾತೆ ಖಾಲಿ ಮಾಡೋ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಕಳ್ಳನಿಗಿರೋ ತಾಳ್ಮೆ ಮನೆ ಮಕ್ಕಳಿಗಿಲ್ಲ ಅಂದ್ರೆ ಆ ಜಾಗದಲ್ಲಿ ಕಳ್ಳ ಬಂದು ಕೂತ್ಕೋತಾನೆ, ಅಷ್ಟೇ.

ಹಾಗಾಗಿ ಮುಂದಿನ ಸಲ ಫೋನ್ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಸ್ಕ್ರೀನ್ ಮೇಲೆ ಬಂದಿರೋದನ್ನ ಹಾಗೇ ಓದಿ ಹೇಳ್ತೀರಾ, ಇಲ್ಲಾ ಫೋಟೋ ಕಳಿಸ್ತೀರಾ? ಕಂಪ್ಯೂಟರಿನಲ್ಲಿ ತಾರೀಖು ಎಷ್ಟಿದೆ? ಬೇರೆ ಬ್ರೌಸರಿನಲ್ಲೂ ಹೀಗೇ ಆಗತ್ತಾ? ಇತ್ತೀಚೆಗೆ ಯಾರಾದರೂ ಏನಾದರೂ ಹಾಕಿದ್ರಾ, ತೆಗೆದ್ರಾ? ಹತ್ತು ನಿಮಿಷದ ಮಾತು. ಇಷ್ಟನ್ನೂ ಕೇಳಿ, ನೋಡಿ, ಕೊನೆಗೂ ಯಂತ್ರ ಸತ್ತೇ ಹೋಗಿದೆ ಅಂತ ಗೊತ್ತಾದ್ರೆ ಆಗ ಹೇಳಿ, ಹೊಸದು ತಗೊಳ್ಳಿ ಅಂತ. ಬಿಲ್ ಕೂಡ ನೀವೇ ಕಟ್ಟಿ.