ನಲಿ-ಕಲಿಯ ಕೊಠಡಿಗೆ ಶಿಕ್ಷಕರನ್ನು ಉಳಿಸಿಕೊಡಿ

ಮಾನ್ಯ ಸಂಪಾದಕರೇ,

ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಆರಂಭಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯು ಗೊತ್ತುಪಡಿಸಿದ ಅವಧಿಯಾದ ಅಕ್ಟೋಬರ್ 7ರೊಳಗೆ ಎಲ್ಲೆಡೆಯೂ ಮುಗಿಯದೆ ಹೋದುದರಿಂದ, ದಸರೆಯ ರಜೆಯನ್ನು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೂ ವಿಸ್ತರಿಸಲಾಯಿತೆಂಬುದು ತಮ್ಮ ಓದುಗರ ನೆನಪಿನಲ್ಲಿದ್ದೀತು. ಆ ವಿಸ್ತರಣೆಯನ್ನು ಪ್ರಕಟಿಸುವಾಗ ಮುಖ್ಯಮಂತ್ರಿಗಳೇ ತಿಳಿಸಿದಂತೆ, ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕಾರ್ಯವು ಶೇ. 97ರಷ್ಟು ಪೂರ್ಣಗೊಂಡಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಶಿಕ್ಷಕ-ಶಿಕ್ಷಕಿಯರು ಕೈಯಲ್ಲಿ ಮೊಬೈಲು ಹಿಡಿದು, ಅರವತ್ತು ಪ್ರಶ್ನೆಗಳ ಪಟ್ಟಿಯೊಡನೆ ಮನೆಮನೆಯ ಕಟ್ಟೆ ಹತ್ತಿಳಿದು, ರಾಜ್ಯಕ್ಕೆ ಮಾದರಿಯಾಗುವಂತೆ ದುಡಿದಿದ್ದರು. ಹಾಗಿದ್ದೂ ಕೆಲಸ ಮುಗಿಸಿದ ಜಿಲ್ಲೆಯ ಶಾಲೆಗಳು ಕೆಲಸ ಮುಗಿಯದ ಜಿಲ್ಲೆಗಳ ಶಾಲೆಗಳೊಡನೆ ಬಾಗಿಲು ಹಾಕಿಕೊಂಡೇ ಇರಬೇಕಾಯಿತು. ಸೆಪ್ಟೆಂಬರ್ 20ಕ್ಕೆ ಮನೆಗೆ ಹೋದ ನಮ್ಮ ಹಳ್ಳಿಯ ಮಗುವು, ಬೆನ್ನಲ್ಲೇ ದೀಪಾವಳಿಯೂ ಬಂದುದರಿಂದ, ಸುಮಾರು ಒಂದು ತಿಂಗಳು ಶಾಲೆಯ ಮುಖ ಕಾಣಲಿಲ್ಲ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ವಿಸ್ತರಣೆ ಅನ್ವಯಿಸಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಸಮೀಕ್ಷೆಯೇ ಬೇಡವೆಂದು ವಾದಿಸುವ ಉದ್ದೇಶ ನನಗಿಲ್ಲ. 1948ರವರೆಗೆ ನಿಜಾಮರ ಆಡಳಿತಕ್ಕೊಳಪಟ್ಟು, ಉರ್ದುವಿನ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಾಗಿ ಹಂಬಲಿಸಿದ ಸೀಮೆ ನಮ್ಮದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ, ಎಂದರೆ ನಮ್ಮ ಕೊಪ್ಪಳವೂ, ಒಂದಾಗಿದ್ದರೂ, ಅಕ್ಷರದ ಭಾಗ್ಯವು ನಮಗೆ ತಡವಾಗಿಯೇ ಒದಗಿತು. ಯಾವ ಸಮುದಾಯದ ಮಕ್ಕಳು ಎಲ್ಲಿಯವರೆಗೆ ಓದಿದರು, ಎಲ್ಲಿ ಕೈಬಿಟ್ಟರು ಎಂಬ ಲೆಕ್ಕವು ಇಂಥ ಸೀಮೆಗೆ ಅತ್ಯಾವಶ್ಯಕವಾದುದೇ ಸರಿ. ಆದರೆ ಆ ಲೆಕ್ಕವನ್ನು ಯಾರ ಏಳಿಗೆಗಾಗಿ ತೆಗೆಯುತ್ತೇವೆಯೋ ಅವರ ಮಕ್ಕಳೇ ಸರ್ಕಾರಿ ಶಾಲೆಯ ಒಂದರಿಂದ ಮೂರನೆಯ ತರಗತಿಯ ಕೊಠಡಿಯಲ್ಲಿ ಕುಳಿತವರಾಗಿರುವಾಗ, ಅವರ ಗುರುಗಳನ್ನೇ ಎಬ್ಬಿಸಿಕೊಂಡು ಹೋಗಿ ಆ ಲೆಕ್ಕ ಬರೆಸುವುದು ಯಾವ ನ್ಯಾಯವೆಂಬುದು ನನ್ನ ಪ್ರಶ್ನೆ.

ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯು ನಡೆಯುವ ಆ ಕೊಠಡಿಯನ್ನು ಒಳಹೊಕ್ಕು ನೋಡದವರಿಗಾಗಿ ಅಲ್ಲಿ ದಿನನಿತ್ಯ ನಡೆಯುವುದೇನೆಂಬುದನ್ನು ಕೊಂಚ ವಿವರಿಸುತ್ತೇನೆ. ನೆತ್ತಿಯ ಮೇಲೆ ದಾರಗಳಿಗೆ ತೂಗುಬಿದ್ದ ಮಕ್ಕಳ ಚಿತ್ರ-ಬರಹಗಳ ಕಲಿಕಾ ಚಪ್ಪರ. ಗೋಡೆಯ ಕೆಳಭಾಗದಲ್ಲಿ ಎಳೆಯ ಕೈಗಳಿಗೆ ಎಟುಕುವಂತೆ ಕಪ್ಪು ಬಳಿದ ಹಲಗೆ. ಮತ್ತೊಂದೆಡೆ ಕಲಿಕಾ ಏಣಿ. ಬೆಳಿಗ್ಗೆ ಬಂದ ಮಗುವು ಆ ದಿನ ಬಿಸಿಲೋ ಮೋಡವೋ ಎಂಬುದನ್ನು ಹವಾಮಾನ ನಕ್ಷೆಯಲ್ಲಿ ಗುರುತಿಸಿ, ಏಣಿಯಲ್ಲಿ ತಾನು ನಿಂತ ಮೆಟ್ಟಿಲನ್ನು ಕಂಡುಕೊಂಡು, ಅಲ್ಲಿನ ಚಿಹ್ನೆಗೂ ಸಂಖ್ಯೆಗೂ ಹೊಂದುವ ಕಾರ್ಡನ್ನು ತಾನೇ ಆಯ್ದು ತಂದು, ಆ ಕಾರ್ಡು ಯಾವ ಗುಂಪಿಗೆ ಸೇರಿದ್ದೋ ಆ ಗುಂಪಿನಲ್ಲಿ ಹೋಗಿ ಕೂರುತ್ತದೆ. ಅಂಥ ಗುಂಪುಗಳು ಐದು: ಒಂದರಲ್ಲಿ ಶಿಕ್ಷಕರು ಪೂರ್ಣವಾಗಿ ಜೊತೆಗಿದ್ದು ಹೊಸದನ್ನು ಕಲಿಸುತ್ತಾರೆ, ಇನ್ನೊಂದರಲ್ಲಿ ಅರೆಬರೆ ನೆರವಾಗುತ್ತಾರೆ, ಎರಡರಲ್ಲಿ ಮುಂದಿನ ಮೆಟ್ಟಿಲಿನ ಗೆಳೆಯರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗುವು ಸ್ವತಃ ಅಭ್ಯಾಸ ಮಾಡುತ್ತದೆ. ಅಕ್ಷರಗಳೂ ವರ್ಣಮಾಲೆಯ ಕ್ರಮದಲ್ಲಿ ಬಾರದೆ ರ, ಗ, ಸ, ದ, ಅ ಎಂದು ಮೊದಲಾಗುವುದರಿಂದ, ಐದೇ ಅಕ್ಷರ ಬಲ್ಲ ಆರು ವರುಷದ ಕೂಸು ಸರ, ದರ, ಅರಸ, ಗರಗಸ ಎಂದು ತಾನಾಗಿ ಕೂಡಿಸಿ ಓದಿ ಹಿಗ್ಗುತ್ತದೆ. ವರ್ಣಮಾಲೆಯ ಅಕ್ಷರಗಳನ್ನೆಲ್ಲ ತಿಂಗಳುಗಟ್ಟಲೆ ತಿದ್ದಿದ ಮೇಲೆ ಮೊದಲ ಪದವನ್ನು ಕಾಣುತ್ತಿದ್ದ ಹಿಂದಿನ ಪಾಠಕ್ರಮದಲ್ಲಿ ಈ ಹಿಗ್ಗಿಗೆ ಅವಕಾಶವಿರಲಿಲ್ಲವೆಂಬುದನ್ನು ಎರಡೂ ಬಗೆಯಲ್ಲಿ ಕಲಿಸಿದ ನಾನು ಬಲ್ಲೆ.

ಆಂಧ್ರದ ಮದನಪಲ್ಲಿಯ ಸಮೀಪದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು, ಯುನಿಸೆಫ್‌ನ ನೆರವಿನೊಡನೆ 1995ರಲ್ಲಿ ತೊಡಗಿಸಿದ ಈ ಪದ್ಧತಿಯು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿತು. ಮೂರು ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಒಬ್ಬರೇ ನಿಭಾಯಿಸಬೇಕಾದ ಸಣ್ಣ ಊರುಗಳ ಶಾಲೆಗಳಿಗೆ ಇದಕ್ಕಿಂತ ಹೊಂದುವ ಕ್ರಮವನ್ನು ನಾನಂತೂ ಕಾಣೆ. ಆದರೆ ಇದರ ಶಕ್ತಿ ಇರುವುದೆಲ್ಲಿಯೋ ದೌರ್ಬಲ್ಯವೂ ಅಲ್ಲಿಯೇ ಇದೆ. ಪುಸ್ತಕ ಓದಿಸುವ ತರಗತಿಗೆ ಒಂದು ವಾರ ಶಿಕ್ಷಕರಿಲ್ಲದಿದ್ದರೆ ಒಂದು ಪಾಠ ಹಿಂದುಳಿದೀತು. ಬಂದವರು ಅಲ್ಲಿಂದಲೇ ಮುಂದುವರಿಸಬಹುದು. ನಲಿ-ಕಲಿಯಲ್ಲಿಯಾದರೋ ಒಂದೊಂದು ಮಗುವೂ ಒಂದೊಂದು ಮೆಟ್ಟಿಲಿನಲ್ಲಿರುವುದರಿಂದ, ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈಯನ್ನು ಇಂದು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬ ಜ್ಞಾನವು ಪ್ರಗತಿನೋಟದ ಹಾಳೆಗಿಂತ ಹೆಚ್ಚಾಗಿ ಆ ಶಿಕ್ಷಕಿಯ ಮನಸ್ಸಿನಲ್ಲಿಯೇ ಇರುತ್ತದೆ. ಆಕೆಯ ಬದಲಿಗೆ ಮತ್ತೊಬ್ಬರು ಬಂದು ಕುಳಿತರೆ ಕೊಠಡಿ ತುಂಬೀತು, ಏಣಿ ನಡೆಯದು.

ದೀಪಾವಳಿ ಕಳೆದ ಮೇಲೆ ಕುಷ್ಟಗಿ ತಾಲೂಕಿನ ಒಂದು ತಾಂಡಾದ ಶಾಲೆಗೆ ಹೋಗಿದ್ದೆ. ಮನೆಯಲ್ಲಿ ಲಂಬಾಣಿ ಮಾತನಾಡುವ ಆ ಮಕ್ಕಳಿಗೆ ಕನ್ನಡವು ಕಿವಿಗೆ ಬೀಳುವ ಮುಖ್ಯ ಸ್ಥಳ ಶಾಲೆಯೇ. ರಜೆಗೆ ಮುನ್ನ ಎರಡು ಅಕ್ಷರದ ಪದಗಳನ್ನು ತಡವರಿಸದೆ ಓದುತ್ತಿದ್ದಳೆಂದು ಶಿಕ್ಷಕಿಯು ಹೇಳಿದ ಹುಡುಗಿಯೊಬ್ಬಳು, ಏಣಿಯ ಮುಂದೆ ಬಹಳ ಹೊತ್ತು ನಿಂತು, ಬೆರಳನ್ನು ಮೇಲಿಂದ ಕೆಳಕ್ಕೆ ಎರಡು ಸಲ ಆಡಿಸಿ, "ನಂದ್ಯಾವದ್ರೀ ಟೀಚರ್?" ಎಂದು ಕೇಳಿದಳು. ಶಿಕ್ಷಕಿಯು ಆಕೆಯನ್ನು ನಾಲ್ಕಾರು ಮೆಟ್ಟಿಲು ಕೆಳಗಿನ ಕಾರ್ಡಿಗೆ ಇಳಿಸಿ ಕೂರಿಸಿದರು. ಗಂಗಾವತಿಯ ವಲಸೆ ರೈತರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗಾಗಿರುವ ಮಕ್ಕಳ ಪಾಡೂ ಇದಕ್ಕಿಂತ ಬೇರೆಯಲ್ಲ. ಇನ್ನು ಕುಷ್ಟಗಿ-ಯಲಬುರ್ಗಾದ ಎರೆ, ಮಸಾರಿ ಹೊಲಗಳಲ್ಲಿ ಅಕ್ಟೋಬರ್ ಎಂದರೆ ಒಂದು ಕಡೆ ಮುಂಗಾರಿಯ ರಾಶಿ, ಇನ್ನೊಂದು ಕಡೆ ಹಿಂಗಾರಿಯ ಬಿತ್ತಿಗೆ. ತಾಯ್ತಂದೆಗಳು ಹೊಲದಲ್ಲಿರುವಾಗ ಶಾಲೆಯಿಲ್ಲದ ಎಂಟು ವರುಷದ ಹುಡುಗಿಯ ಕಂಕುಳಿಗೆ ಅವಳ ತಮ್ಮನೇ ಬರುತ್ತಾನೆ. ಸುಗ್ಗಿ ಮುಗಿದೊಡನೆ ಬೆಂಗಳೂರಿಗೋ ಮಂಗಳೂರಿಗೋ ಗುಳೆ ಹೋಗುವ ಮನೆಗಳ ಮಕ್ಕಳಿಗಂತೂ ಶಾಲೆಯ ವರ್ಷವೇ ಮೊಟಕು. ಅದರಲ್ಲಿಯೂ ಒಂದು ತುಂಡನ್ನು ನಾವು ಕತ್ತರಿಸಿಕೊಂಡೆವು. ಮಧ್ಯಾಹ್ನದ ಬಿಸಿಯೂಟವೂ ಆ ದಿನಗಳಲ್ಲಿ ಇರಲಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಕ್ಷಕರು ಹೀಗೆ ಕೊಠಡಿಯಿಂದ ದೂರವಾಗುವುದರ ಫಲವಾಗಿ ಇನ್ನೊಂದು ಅನರ್ಥವೂ ಬೆಳೆಯುತ್ತಿದೆ. "ಸಾಲ್ಯಾಗ ಬರೇ ಆಟಾ ಆಡಸ್ತಾರ್ರೀ, ಓದಸೂದಿಲ್ಲ" ಎಂದು ತಾಯಂದಿರು ನನ್ನೊಡನೆ ದೂರುತ್ತಾರೆ. ಅನುಕೂಲವಿದ್ದವರು ಮಗುವನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಶಿಕ್ಷಕಿಯು ಇದ್ದೂ ಇಲ್ಲದಂತಾದ ಕೊಠಡಿಯಲ್ಲಿ ಹಾಡು-ಆಟಗಳಷ್ಟೇ ಹೊರಗಿನವರ ಕಣ್ಣಿಗೆ ಬೀಳುವುದರಿಂದ, ತಪ್ಪೆಲ್ಲವೂ ಪದ್ಧತಿಯ ಮೇಲೆ ಬೀಳುತ್ತದೆ. ಚಟುವಟಿಕೆಯ ಕಲಿಕೆಯನ್ನೇ ತೆಗೆದುಹಾಕಿರೆಂಬ ಕೂಗನ್ನು ನಾನು ಸರ್ವಥಾ ಒಪ್ಪಲಾರೆ. ಶಿಕ್ಷಕರನ್ನು ಕಿತ್ತುಕೊಂಡು ಪದ್ಧತಿಯನ್ನು ಪರೀಕ್ಷಿಸುವುದು ಪರೀಕ್ಷೆಯೇ ಅಲ್ಲ.

2009ರ ಶಿಕ್ಷಣದ ಹಕ್ಕು ಕಾಯ್ದೆಯ 27ನೆಯ ಕಲಮು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರನ್ನುಳಿದು ಬೇರೆ ಯಾವ ಶೈಕ್ಷಣಿಕೇತರ ಕಾರ್ಯಕ್ಕೂ ಶಿಕ್ಷಕರನ್ನು ನಿಯೋಜಿಸತಕ್ಕದ್ದಲ್ಲವೆಂದು ಅದು ಹೇಳುತ್ತದೆ. ಈ ಸಮೀಕ್ಷೆಯು ಆ ಮೂರರಲ್ಲಿ ಸೇರದು. ಆದರೂ ರಜೆಯ ದಿನಗಳಲ್ಲಿ ಸಂಭಾವನೆ ಪಡೆದು ಮಾಡಿದ ಕೆಲಸದ ಬಗ್ಗೆ ಆಕ್ಷೇಪವೆತ್ತಲಾರೆ. ಪಾಠದ ದಿನಗಳನ್ನೇ ರಜೆಯಾಗಿ ಮಾರ್ಪಡಿಸಿದುದರ ಬಗ್ಗೆ ನನ್ನ ಆಕ್ಷೇಪ. ನಷ್ಟವಾದ ಅವಧಿಯನ್ನು ವಿಶೇಷ ತರಗತಿಗಳಿಂದ ತುಂಬಿಸಲಾಗುವುದೆಂಬ ಭರವಸೆಯು ಎಸ್ಸೆಸ್ಸೆಲ್ಸಿಯ ವಿದ್ಯಾರ್ಥಿಗೆ ಅನ್ವಯಿಸೀತು. ಸಂಜೆ ನಾಲ್ಕೂವರೆಗೆ ಕಣ್ಣು ಎಳೆಯುವ ಆರು ವರುಷದ ಮಗುವಿಗೆ ಹೆಚ್ಚುವರಿ ತಾಸುಗಳಿಂದ ಆಗುವ ಪ್ರಯೋಜನವೇನು?

2027ರ ಫೆಬ್ರುವರಿಯಲ್ಲಿ, ಶಾಲೆಗಳು ನಡೆಯುತ್ತಿರುವ ಕಾಲದಲ್ಲಿಯೇ, ರಾಷ್ಟ್ರದ ಜನಗಣತಿ ಬರಲಿದೆ. ಅದಕ್ಕೆ ಕಾಯ್ದೆಯ ಅನುಮತಿಯಿದೆ, ನಿಜ. ಆದರೆ ಯಾವ ಶಾಲೆಯಿಂದ ಯಾರನ್ನು ಕಳುಹಿಸಬೇಕೆಂಬುದನ್ನು ನಿರ್ಣಯಿಸುವಲ್ಲಿ ತಾಲೂಕಿನ ಅಧಿಕಾರಿಗಳ ಮಾತಿಗೆ ಬೆಲೆಯಿದೆ. ಒಂದರಿಂದ ಮೂರನೆಯ ತರಗತಿಯ ಕೊಠಡಿಯನ್ನು ನಡೆಸುವವರನ್ನೂ ಏಕೋಪಾಧ್ಯಾಯ ಶಾಲೆಗಳ ಶಿಕ್ಷಕರನ್ನೂ ಗಣತಿಯಿಂದಲೂ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸದಿಂದಲೂ ಹೊರಗಿಡಬೇಕೆಂದು ಜಿಲ್ಲಾಧಿಕಾರಿಗಳು ಈಗಲೇ ಆದೇಶಿಸಲಿ. ಕೈ ಸಾಲದಿದ್ದರೆ, ಡಿ.ಎಡ್. ಮುಗಿಸಿ ಕೆಲಸವಿಲ್ಲದೆ ಊರಲ್ಲಿರುವ ಯುವಕ-ಯುವತಿಯರನ್ನು ಬಳಸಿಕೊಳ್ಳಲು ಸರ್ಕಾರವನ್ನು ಕೇಳಲಿ. ಗ್ರಾಮ ಪಂಚಾಯಿತಿಯ ಸದಸ್ಯರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ತಂದೆತಾಯಿಗಳೂ ಈ ಬೇಡಿಕೆಯನ್ನು ಠರಾವಿನ ರೂಪದಲ್ಲಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮುಟ್ಟಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ
ಯಲಬುರ್ಗಾ, ಕೊಪ್ಪಳ ಜಿಲ್ಲೆ