ಸೆಲ್ಮಾ ಚರ್ಚಿನ ಪಂಕ್ತಿಭೇದ

ದೇವರ ಮನೆ ಊರಿಗೆಲ್ಲ ಸೇರಿದ್ದೆಂದು ಹೇಳುವುದು ಸುಲಭ. ಅಲ್ಲಿ ಮುಂದೆ ಕೂರುವವರು ಯಾರು, ಹಿಂದೆ ನಿಲ್ಲುವವರು ಯಾರು, ಬಾಗಿಲಿನಿಂದಲೇ ಹಿಂದಿರುಗುವವರು ಯಾರು ಎಂದು ನೋಡಿದರೆ ಊರಿನ ಯಜಮಾನಿಕೆ ಯಾರ ಕೈಯಲ್ಲಿದೆಯೆಂಬುದು ತಿಳಿದುಹೋಗುತ್ತದೆ. ಅಮೆರಿಕದ ಅಲಬಾಮಾ ರಾಜ್ಯದ ಸಣ್ಣ ಪಟ್ಟಣವಾದ ಸೆಲ್ಮಾದ ಸೇಂಟ್ ಪಾಲ್ ಚರ್ಚಿನ ಕಥೆ ಇದಕ್ಕೆ ಸಾಕ್ಷಿ.

ಇದು ಎಪಿಸ್ಕೋಪಲ್ ಪಂಥದ ಚರ್ಚು. ಇಂಗ್ಲೆಂಡಿನ ಚರ್ಚಿನಿಂದ ಕವಲೊಡೆದ ಪಂಥ. ಸೆಲ್ಮಾದಲ್ಲಿ ಇದರ ಸಭೆ ಸ್ಥಾಪನೆಯಾದದ್ದು 1838ರಲ್ಲಿ. ಗುಲಾಮರು ಬೆಳೆದ ಹತ್ತಿಯಿಂದ ಆ ಸೀಮೆ ಸಿರಿವಂತವಾಗಿದ್ದ ಕಾಲ ಅದು. 1865ರಲ್ಲಿ, ಅಂತರ್ಯುದ್ಧದ ಕೊನೆಗೆ, ಉತ್ತರದ ಸೈನ್ಯ ಊರನ್ನು ಹಿಡಿದಾಗ ಹಳೆಯ ಕಟ್ಟಡ ಸುಟ್ಟುಹೋಯಿತು. 1875ರ ಹೊತ್ತಿಗೆ ಹೊಸದು ಎದ್ದು ನಿಂತಿತು. ಕಟ್ಟಡ ಹೊಸದಾಯಿತು, ಗುಲಾಮಗಿರಿ ಕಾನೂನಿನಲ್ಲಿ ಸತ್ತಿತು. ಚರ್ಚು ಮಾತ್ರ ಬಿಳಿಯರ ಚರ್ಚಾಗಿಯೇ ಉಳಿಯಿತು.

1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ಹೊರಟ ಕರಿಯರನ್ನು ಸೆಲ್ಮಾದ ಸೇತುವೆಯ ಬಳಿ ಪೊಲೀಸರು ಲಾಠಿಯಿಂದ ಬಡಿದರು. ಮಾರ್ಟಿನ್ ಲೂಥರ್ ಕಿಂಗರ ಕರೆಗೆ ಓಗೊಟ್ಟು ಬಂದವರಲ್ಲಿ ಪಾದ್ರಿಯಾಗಲು ಓದುತ್ತಿದ್ದ ಜೊನಾಥನ್ ಡೇನಿಯಲ್ಸ್ ಒಬ್ಬ. ಬಿಳಿಯ ತರುಣ, ಕರಿಯರ ಮನೆಯಲ್ಲೇ ತಂಗಿದ. ಕರಿಯರೂ ಬಿಳಿಯರೂ ಕೂಡಿ ಸೇಂಟ್ ಪಾಲ್ ಚರ್ಚಿಗೆ ಹೋದಾಗ ಅವರನ್ನು ಬಾಗಿಲಲ್ಲೇ ತಡೆಯಲಾಯಿತು. ವರ್ಣದ ಕಾರಣಕ್ಕೆ ಯಾರನ್ನೂ ಪ್ರಾರ್ಥನೆಯಿಂದ ಹೊರಗಿಡಬಾರದೆಂದು ಆ ಪಂಥವೇ 1964ರಲ್ಲಿ ನಿಯಮ ಮಾಡಿತ್ತು! ಕೊನೆಗೆ ಆಡಳಿತ ಮಂಡಳಿ ನಿಯಮಕ್ಕೆ ತಲೆಬಾಗಿತು. ಮಾರ್ಚ್ ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಆದರೆ ಒಳಗೆ ಬಂದವರಿಗೆ ಸಿಕ್ಕಿದ್ದು ಹಿಂದಿನ ಸಾಲು, ಪ್ರಭುಭೋಜನದ ಪಂಕ್ತಿಯಲ್ಲಿ ಕಡೆಯ ಸ್ಥಾನ. ಪಂಕ್ತಿಭೇದವೆಂದರೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚರ್ಚಿನ ಹೊರಗೂ ಇದೇ ನ್ಯಾಯ. ನೆರೆಯ ಲೌಂಡ್ಸ್ ಜಿಲ್ಲೆಯಲ್ಲಿ ಕರಿಯರೇ ಬಹುಸಂಖ್ಯಾತರು. ಆದರೂ 1965ರ ಆರಂಭದಲ್ಲಿ ಅವರಲ್ಲಿ ಒಬ್ಬನ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಅಲ್ಲಿನ ಫೋರ್ಟ್ ಡಿಪಾಸಿಟ್ ಪೇಟೆಯಲ್ಲಿ ಆಗಸ್ಟ್ 14ರಂದು ಭೇದ ಮಾಡುವ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ಗಲ್ಲಾಪೆಟ್ಟಿಗೆಗೆ ಕರಿಯರ ಕಾಸು ಬೇಕು, ಗಿರಾಕಿಗೆ ಸಲ್ಲುವ ಮರ್ಯಾದೆ ಮಾತ್ರ ಅವರಿಗೆ ಬೇಡ, ಇದೆಂಥ ವ್ಯಾಪಾರ? ಪಿಕೆಟಿಂಗ್ ಮಾಡಿದವರನ್ನು ಕಸದ ಲಾರಿಯಲ್ಲಿ ತುಂಬಿ ಹೇನ್‌ವಿಲ್ ಜೈಲಿಗೆ ಸಾಗಿಸಿದರು. ಎಲ್ಲರಿಗೂ ಜಾಮೀನು ಸಿಗುವವರೆಗೆ ತನಗೂ ಬೇಡವೆಂದು ಡೇನಿಯಲ್ಸ್ ಒಳಗೇ ಉಳಿದ. ಆಗಸ್ಟ್ 20ರಂದು ಬಿಡುಗಡೆಯಾದವರಲ್ಲಿ ನಾಲ್ವರು ತಂಪು ಪಾನೀಯ ಕೊಳ್ಳಲು ಹತ್ತಿರದ ಅಂಗಡಿಗೆ ಹೋದರು. ಬಾಗಿಲಲ್ಲಿ ಟಾಮ್ ಕೋಲ್ಮನ್ ಎಂಬವ ಬಂದೂಕು ಹಿಡಿದು ನಿಂತಿದ್ದ. ಅವನು ರೂಬಿ ಸೇಲ್ಸ್ ಎಂಬ 17 ವರ್ಷದ ಕರಿಯ ಹುಡುಗಿಯ ಕಡೆಗೆ ಗುರಿಯಿಟ್ಟ. ಡೇನಿಯಲ್ಸ್ ಅವಳನ್ನು ಪಕ್ಕಕ್ಕೆ ತಳ್ಳಿ ಗುಂಡಿಗೆ ತಾನೇ ಎದೆಯೊಡ್ಡಿದ. ಆಗ ಅವನಿಗೆ 26 ವರ್ಷ.

ಕೊಂದವನನ್ನು ಬಿಳಿಯ ಗಂಡಸರೇ ತುಂಬಿದ್ದ ಜ್ಯೂರಿ ನಿರ್ದೋಷಿಯೆಂದು ಬಿಟ್ಟುಬಿಟ್ಟಿತು. ಚರ್ಚಿನ ಬಾಗಿಲು, ಅಂಗಡಿಯ ಬಾಗಿಲು, ಕೋರ್ಟಿನ ಕಟಕಟೆ, ಮೂರಕ್ಕೂ ಒಂದೇ ಬೀಗ, ಒಂದೇ ಬೀಗದ ಕೈ. ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಲೌಂಡ್ಸ್ ಜಿಲ್ಲೆಯ ಜ್ಯೂರಿಯಿಂದ ಕರಿಯರನ್ನೂ ಹೆಂಗಸರನ್ನೂ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು 1966ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಬದುಕುಳಿದ ರೂಬಿ ಸೇಲ್ಸ್ ಮುಂದೆ ಡೇನಿಯಲ್ಸ್ ಕಲಿತ ಶಾಲೆಯಲ್ಲೇ ಓದಿ, ನ್ಯಾಯದ ಹೋರಾಟಕ್ಕೆ ಬಾಳನ್ನು ಮೀಸಲಿಟ್ಟಳು.

1991ರಲ್ಲಿ ಎಪಿಸ್ಕೋಪಲ್ ಚರ್ಚು ಡೇನಿಯಲ್ಸನ ಹೆಸರನ್ನು ತನ್ನ ಸ್ಮರಣೆಯ ಪಂಚಾಂಗದಲ್ಲಿ ಸೇರಿಸಿತು. ಸಂತೋಷವೇ. ಆದರೆ ಸತ್ತವನಿಗೆ ಹಾರ ಹಾಕುವುದು ಸುಲಭ. ಬದುಕಿರುವವನಿಗೆ ಪಕ್ಕದಲ್ಲಿ ಜಾಗ ಬಿಡುವುದು ಕಷ್ಟ. ಚರ್ಚಿನ ಮೇಲ್ಮಂಡಳಿ ಒಳ್ಳೆಯ ನಿಯಮವನ್ನೇ ಬರೆದಿತ್ತು. ಬಾಗಿಲಿಗೆ ಹೋಗಿ ನಿಂತು ಕೇಳುವ ಜನ ಬರುವ ತನಕ ಅದು ಬರಿಯ ಕಾಗದವಾಗಿತ್ತು. ಹಕ್ಕು ಪುಸ್ತಕದಲ್ಲಿದೆಯೆಂದು ಸುಮ್ಮನೆ ಕೂರುವ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಬಾಗಿಲು ತೆರೆಸುವುದು ಅರ್ಧ ಕೆಲಸ. ಒಂದೇ ಪಂಕ್ತಿಯಲ್ಲಿ ಕೂರುವ ತನಕ ಅದು ಪೂರ್ತಿಯಾಗದು.