ದಾನವೂ ದತ್ತಿಯೂ

ಶಾಸನಪಾಠ ಹೇಳುವಾಗ ‘ಆಚಂದ್ರಾರ್ಕ’ ಎಂಬ ಮಾತು ಬಂದರೆ ನನ್ನ ವಿದ್ಯಾರ್ಥಿಗಳು ನಗುವುದುಂಟು. ಸೂರ್ಯಚಂದ್ರರಿರುವವರೆಗೆ ನಡೆಯುವ ದತ್ತಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಅದು ನಗುವ ಮಾತಲ್ಲವೆಂದು ಮನವರಿಕೆ ಮಾಡಿಕೊಟ್ಟದ್ದು ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಸುದ್ದಿ. 2024ರ ಜೂನ್ ಕೊನೆಯಲ್ಲಿ ಅಲ್ಲಿ ಗುತ್ತಿಗೆಯ ಮೇಲಿದ್ದ ನೂರಕ್ಕೂ ಹೆಚ್ಚು ಮಂದಿಗೆ ಸೇವೆ ಮುಗಿಯಿತೆಂಬ ಪತ್ರ ಬಂದಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಧ್ಯಾಪಕರು. ಅವರ ಸಂಬಳಕ್ಕೆ ಆಧಾರವಾಗಿದ್ದ ಟಾಟಾ ಎಜುಕೇಷನ್ ಟ್ರಸ್ಟಿನ ಅನುದಾನ ಮುಂದುವರಿದಿರಲಿಲ್ಲ. ಟ್ರಸ್ಟು ಹಣದ ಭರವಸೆ ಕೊಟ್ಟ ಮೇಲೆ, ಕೆಲವೇ ದಿನಗಳಲ್ಲಿ ಆ ಪತ್ರಗಳನ್ನು ಹಿಂತೆಗೆದುಕೊಂಡರು.

ಖಾಸಗಿ ದಾನವೇ ಬೇಡವೆಂದು ಇದರಿಂದ ತೀರ್ಮಾನಿಸುವುದು ಸಲ್ಲದು. 1936ರಲ್ಲಿ ಆ ಸಂಸ್ಥೆ ಹುಟ್ಟಿದ್ದೇ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಟ್ರಸ್ಟಿನ ಹಣದಿಂದ. ಅವರ ತಮ್ಮ ಸರ್ ರತನ್ ಟಾಟಾ ಅದಕ್ಕೂ ಮೊದಲೇ, 1912ರಲ್ಲಿ, ಬಡತನದ ಕಾರಣಗಳನ್ನೂ ಪರಿಹಾರವನ್ನೂ ಶೋಧಿಸಲೆಂದು ಲಂಡನ್ ವಿಶ್ವವಿದ್ಯಾನಿಲಯಕ್ಕೆ ವರ್ಷಕ್ಕೆ 1,400 ಪೌಂಡಿನಂತೆ ಮೂರು ವರ್ಷ ಕೊಡಲೊಪ್ಪಿದ್ದರು. ಹಣ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸನ್ನು ಸೇರಿತು. ಅದರ ಬಲದಿಂದ ಆರ್. ಎಚ್. ಟಾನಿಯವರು ಇಂಗ್ಲೆಂಡಿನ ಸರಪಳಿ ಮಾಡುವವರ, ದರ್ಜಿಗಳ ಕನಿಷ್ಠ ಕೂಲಿಯನ್ನು ಪರಿಶೀಲಿಸಿ 1914, 1915ರಲ್ಲಿ ಗ್ರಂಥಗಳನ್ನು ಹೊರತಂದರು. ನೆರವು ಅವಧಿ ಮುಗಿದೊಡನೆ ನಿಲ್ಲದೆ, 1918ರಲ್ಲಿ ದಾನಿ ತೀರಿಕೊಂಡ ಮೇಲೂ ನಡೆಯಿತು. ಗಿರಣಿಯ ಒಡೆಯರ ಮನೆತನದ ಹಣ ಕೂಲಿಯವನ ಪರವಾದ ಪ್ರಶ್ನೆಯನ್ನು ಕೇಳಿಸಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಯಂತ್ರವಿದ್ಯೆಗೆ ಕೊಟ್ಟ ಹಣದ ಫಲ ಕಣ್ಣಿಗೆ ಬೇಗ ಕಾಣುತ್ತದೆ. ಬಡತನ, ಜಾತಿ, ಕೂಲಿಗಳ ಅಧ್ಯಯನ ಹಾಗಲ್ಲ. ಅದರ ಉತ್ತರ ಸರ್ಕಾರಕ್ಕೂ ಹಿತವಾಗದಿರಬಹುದು, ದಾನಿಗೂ ಹಿತವಾಗದಿರಬಹುದು. ಆದ್ದರಿಂದಲೇ ಅದಕ್ಕೆ ಇಬ್ಬರ ನೆರವೂ ಬೇಕು, ಇಬ್ಬರಿಂದ ಬಿಡುವೂ ಬೇಕು.

ನಾನೂ ಕೆಲವು ವರ್ಷ ಅತಿಥಿ ಉಪನ್ಯಾಸಕನಾಗಿದ್ದವನು. ಪರೀಕ್ಷೆಗಳು ಮುಗಿದಾಗ ಮುಂದಿನ ವರ್ಷ ಕರೆ ಬಂದೀತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ದಿನಗಳಲ್ಲಿ ದೀರ್ಘವಾದ ಯಾವ ಅಧ್ಯಯನಕ್ಕೂ ನಾನು ಕೈಹಾಕಲಿಲ್ಲ. ಹತ್ತು ವರ್ಷ ಬೇಡುವ ಪ್ರಶ್ನೆಯನ್ನು ಹನ್ನೊಂದು ತಿಂಗಳ ಅಧ್ಯಾಪಕ ಕೈಗೆತ್ತಿಕೊಳ್ಳುವನೆ?

ವರ್ಷವರ್ಷವೂ ಕೊಡುವುದು ದಾನ. ಇಡುಗಂಟನ್ನು ಸಂಸ್ಥೆಗೆ ಒಪ್ಪಿಸಿ, ಅದರ ಬಡ್ಡಿಯಿಂದ ಪೀಠ ನಡೆಯುವಂತೆ ಮಾಡಿ, ತಾನು ದೂರ ಸರಿಯುವುದು ದತ್ತಿ. ಶಾಸನದ ಆ ಹಳೆಯ ಮಾತಿನ ಅರ್ಥ ಇದೇ. ನಮ್ಮ ಶ್ರೀಮಂತರು ಕೊಡುವುದನ್ನು ಬಲ್ಲರು. ಕೊಟ್ಟು ಬಿಡುವುದನ್ನೂ ಕಲಿಯಬೇಕು.